ಕಿವಿ ಕೇಳಿದ್ದು ಕೈಗೆ ಬರಬೇಕು

ಸದಸ್ಯ ಬಾಂಧವರಲ್ಲಿ ಬಹುಪಾಲು ಜನರ ಅಂಗಿ ಜೇಬಿನಲ್ಲಿ ಇಂದು ಒಂದು ಕೃಷಿ ಶಾಲೆಯೇ ಇದೆ. ಅಡಿಕೆಯ ಕೊಳೆರೋಗ, ಎಲೆಚುಕ್ಕಿ, ಕಾಫಿಯ ಕಾಂಡಕೊರಕ, ಮೆಣಸಿನ ಬಳ್ಳಿಯ ಸೊರಗು ರೋಗ, ಯಾವುದನ್ನು ಕೇಳಿದರೂ ಮೊಬೈಲು ತಕ್ಷಣ ಉತ್ತರ ಕೊಡುತ್ತದೆ. ಹಾಗಿದ್ದರೂ ಸಂಘದಲ್ಲಿ ಮೈಲುತುತ್ತ ಕೊಳ್ಳಲು ಬಂದವರು "ನೂರು ಲೀಟರಿಗೆ ಸುಣ್ಣ ಎಷ್ಟು ಹಾಕಬೇಕು?" ಎಂದು ಕೇಳುವುದು ನಿಂತಿಲ್ಲ. ಇದು ನಗುವ ಮಾತಲ್ಲ. ಕೇಳಿದ ವಿಷಯ ಕೈಗೆ ಬರಬೇಕಾದರೆ ಯಂತ್ರದ ಜೊತೆಗೆ ಇನ್ನೊಂದು ವಸ್ತು ಬೇಕು. ಅದು ಯಾವುದೆಂಬುದು ನಮ್ಮ ದೇಶದಲ್ಲೇ ಎರಡು ಬಾರಿ ಪರೀಕ್ಷೆಯಾಗಿ ತಿಳಿದಿದೆ.

ಮೊದಲನೆಯದು ರೇಡಿಯೋ ಕಾಲದ್ದು. 1956ರಲ್ಲಿ ಆಕಾಶವಾಣಿಯು ಯುನೆಸ್ಕೋ ನೆರವಿನಿಂದ ಆಗಿನ ಮುಂಬಯಿ ರಾಜ್ಯದ 5 ಜಿಲ್ಲೆಗಳಲ್ಲಿ ಗ್ರಾಮೀಣ ರೇಡಿಯೋ ಕೂಟಗಳನ್ನು ನಡೆಸಿತು. ಹಳ್ಳಿಯವರು ವಾರಕ್ಕೆ ಎರಡು ದಿನ ಒಂದೆಡೆ ಸೇರಿ ಕೃಷಿ ಕಾರ್ಯಕ್ರಮ ಕೇಳುವುದು, ಮುಗಿದೊಡನೆ ಎದ್ದು ಹೋಗದೆ ಅದನ್ನೇ ಕುರಿತು ಚರ್ಚಿಸುವುದು, ತೋಚದಿದ್ದ ಪ್ರಶ್ನೆಯನ್ನು ನಿಲಯಕ್ಕೆ ಬರೆದು ಕಳಿಸುವುದು, ಇಷ್ಟೇ ಏರ್ಪಾಡು. ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರು ಫಲಿತಾಂಶ ಅಳೆದಾಗ ಕೂಟವಿದ್ದ ಹಳ್ಳಿಗಳಲ್ಲಿ ತಿಳಿವಳಿಕೆ ಗಣನೀಯವಾಗಿ ಏರಿತ್ತು. ರೇಡಿಯೋ ಇದ್ದೂ ಕೂಟವಿಲ್ಲದ ಹಳ್ಳಿಗಳಲ್ಲಿ ಅಷ್ಟು ಲಾಭ ಕಾಣಲಿಲ್ಲ. ಪೆಟ್ಟಿಗೆ ಒಂದೇ, ದನಿ ಒಂದೇ; ವ್ಯತ್ಯಾಸವೆಲ್ಲ ಅದರ ಸುತ್ತ ಕೂತ ಜನರಲ್ಲಿ.

ಎರಡನೆಯದು ನಮ್ಮ ಕರ್ನಾಟಕದ್ದೇ. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ 'ಡಿಜಿಟಲ್ ಗ್ರೀನ್' ಎಂಬ ಯೋಜನೆ ಹುಟ್ಟಿತು. ಊರಿನ ರೈತರೇ ತಮ್ಮ ಹೊಲದಲ್ಲಿ ಕೆಲಸ ಮಾಡುವುದನ್ನು ವಿಡಿಯೋ ತೆಗೆದು, ಅದನ್ನು ಸಂಜೆ ಊರವರಿಗೆ ತೋರಿಸುವ ಪದ್ಧತಿ ಇದು. ತೋರಿಸುವವನೂ ಊರಿನವನೇ, ನಡುನಡುವೆ ಚಿತ್ರ ನಿಲ್ಲಿಸಿ ಪ್ರಶ್ನೆ ಕೇಳುವುದು, ಉತ್ತರ ಹೇಳಿಸುವುದು ಅವನ ಕೆಲಸ. 16 ಹಳ್ಳಿಗಳಲ್ಲಿ, 8 ಈ ಪದ್ಧತಿಯವು, 8 ಹಳೆಯ ಪದ್ಧತಿಯವು ಎಂದು ಹಂಚಿ 13 ತಿಂಗಳು ನೋಡಲಾಯಿತು. ಹೊಸ ಬೇಸಾಯ ಕ್ರಮಗಳನ್ನು ಕೆಲಸಕ್ಕೆ ತಂದವರ ಪ್ರಮಾಣ ವಿಡಿಯೋ ಹಳ್ಳಿಗಳಲ್ಲಿ 7 ಪಟ್ಟು ಹೆಚ್ಚಿತ್ತು. ತನ್ನಂಥವನೇ ಮಾಡಿದ್ದನ್ನು ಕಣ್ಣಾರೆ ಕಂಡಾಗ 'ನನ್ನಿಂದಲೂ ಆದೀತು' ಎಂಬ ಧೈರ್ಯ ಹುಟ್ಟುತ್ತದೆ.

ಶಿಕ್ಷಣ ತಜ್ಞರು ಈಗ ಇದಕ್ಕೆ 'ಮಿಶ್ರ ಕಲಿಕೆ' ಎಂದು ಹೆಸರಿಟ್ಟಿದ್ದಾರೆ. ಮಿಶ್ರಣದ ಮಹತ್ವವನ್ನು ನಮ್ಮಂಥ ಬೆಳೆಗಾರರಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ. ಬೋರ್ಡೋ ದ್ರಾವಣದಲ್ಲಿ ತುತ್ತ ಹೆಚ್ಚಾದರೆ ಎಲೆ ಸುಡುತ್ತದೆ. ಬರೀ ಸುಣ್ಣ ಹೊಡೆದರೆ ರೋಗ ನಿಲ್ಲುವುದಿಲ್ಲ.

ಆ ದ್ರಾವಣವನ್ನೇ ನೋಡೋಣ. ಅಡಿಕೆಗೆ ಶೇಕಡಾ 1ರ ದ್ರಾವಣ, ಎಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಕಾಫಿಯ ಎಲೆತುಕ್ಕಿಗೆ ಶೇಕಡಾ ಅರ್ಧದ್ದು, ಎಂದರೆ ಅದರಲ್ಲಿ ಅರ್ಧ ಸಾಕು. ಎರಡೂ ಬೆಳೆ ಇರುವ ತೋಟದಲ್ಲಿ ಈ ಅಂತರ ಮರೆತರೆ ಒಂದು ಕಡೆ ದುಡ್ಡು ದಂಡ, ಇನ್ನೊಂದು ಕಡೆ ಗೊನೆ ದಂಡ. ಇಷ್ಟನ್ನು ಫೋನು ಚೆನ್ನಾಗಿಯೇ ಹೇಳಬಲ್ಲದು. ಆದರೆ ಹೊಳಪಿನ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ಎತ್ತಿದಾಗ ಅಲಗಿಗೆ ಹತ್ತುವ ಕೆಂಬಣ್ಣ ಎಂಥದು, ಅದು ಹೋಗಲು ಇನ್ನೆಷ್ಟು ಸುಣ್ಣದ ತಿಳಿ ಬೇಕು ಎಂಬುದು ಡ್ರಮ್ಮಿನ ಬಳಿ ನಿಂತವನಿಗೇ ಗೊತ್ತಾಗಬೇಕು. ಮಳೆ ಹಿಡಿಯುವ ಮೊದಲಿನ ಸಿಂಪಡಣೆ ಒಮ್ಮೆ ಕೆಟ್ಟರೆ ಜುಲೈ ತಿಂಗಳಲ್ಲಿ ಕಾಯಿ ಉದುರುವುದನ್ನು ನೋಡುತ್ತ ಕೂರಬೇಕು. ಎರಡು ಎಕರೆಯವನಿಗೆ ಅದು ವರ್ಷದ ಅನ್ನ.

ಹೀಗೆಂದು ಫೋನನ್ನು ದೂರುವುದು ತರವಲ್ಲ. ಕಾಫಿ ಬೋರ್ಡು 2018ರ ಡಿಸೆಂಬರಿನಲ್ಲಿ 'ಕಾಫಿ ಕೃಷಿ ತರಂಗ' ಎಂಬ ಸೇವೆ ಆರಂಭಿಸಿತು. ಮೊದಲ ಹಂತದಲ್ಲಿ ಚಿಕ್ಕಮಗಳೂರು, ಹಾಸನ ಜಿಲ್ಲೆಗಳ 30,000 ಬೆಳೆಗಾರರನ್ನು ಮುಟ್ಟುವುದು ಅದರ ಉದ್ದೇಶ. ಸಲಹೆ ಫೋನಿನಲ್ಲಿ ದನಿಯಾಗಿ ಬರುವ ಇಂಥ ಸೇವೆಗೆ ದುಬಾರಿ ಫೋನು ಬೇಡ, ಓದು ಬರಹ ಬೇಡ. 2004ರಿಂದ ನಡೆದಿರುವ ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಖರ್ಚಿಲ್ಲದೆ ಕರೆಮಾಡಿ ಕನ್ನಡದಲ್ಲೇ ಪ್ರಶ್ನೆ ಕೇಳಬಹುದು. ವಿಸ್ತರಣಾಧಿಕಾರಿಗಳು ಪ್ರತಿ ತೋಟಕ್ಕೂ ಬರಲಾರದ ಈ ದಿನಗಳಲ್ಲಿ ಇವು ಸಣ್ಣ ಉಪಕಾರವಲ್ಲ.

ಎಚ್ಚರ ಬೇಕಾದದ್ದು ಕೈಯಿಂದ ಕೈಗೆ ದಾಟಿ ಬರುವ ಊರಿಲ್ಲದ, ತಾರೀಕಿಲ್ಲದ ವಿಡಿಯೋಗಳ ವಿಷಯದಲ್ಲಿ. ಎಲೆಚುಕ್ಕಿಯ ಭಯದಲ್ಲಿರುವವರಿಗೆ ಇಂಥವು ದಿನಕ್ಕೆ ಹತ್ತು ಬರುತ್ತವೆ. ಹೇಳಿದವರು ಯಾರು, ಯಾವಾಗ ಹೇಳಿದ್ದು, ಯಾವ ಬೆಳೆಗೆ ಹೇಳಿದ್ದು, ಈ ಮೂರಕ್ಕೆ ಉತ್ತರ ಸಿಗದ ಸಲಹೆಯನ್ನು ನಂಬಿ ಔಷಧಿ ಕೊಳ್ಳಬಾರದು. ಇನ್ನೊಂದು ಸಂಗತಿ: ಫೋನು ಯಜಮಾನರ ಜೇಬಿನಲ್ಲಿರುತ್ತದೆ, ಡ್ರಮ್ಮಿನಲ್ಲಿ ಕದಡುವವರು, ಮರವೇರಿ ಹೊಡೆಯುವವರು ಬೇರೆ. ತಿಳಿವಳಿಕೆ ಇರಬೇಕಾದದ್ದು ಅವರ ಕೈಯಲ್ಲಿ.

ಆದ್ದರಿಂದ ನಮ್ಮ ಸಲಹೆ ಇಷ್ಟು. ಮೇ ತಿಂಗಳಲ್ಲಿ, ಮಳೆಗೆ ಮುನ್ನ, ಹತ್ತಿಪ್ಪತ್ತು ಮನೆಗಳಿಗೆ ಒಂದರಂತೆ ಯಾರದಾದರೂ ಅಂಗಳದಲ್ಲಿ ಸೇರೋಣ. ಮನೆಯ ಹೆಂಗಸರು, ಕೊನೆಗಾರರು, ಕೆಲಸದವರು ಎಲ್ಲರೂ ಬರಲಿ. ಗುಡ್ಡದ ಸೆರಗಿನಲ್ಲಿ ಸಿಗ್ನಲ್ ನಂಬುವಂತಿಲ್ಲವಾದ್ದರಿಂದ ವಿಡಿಯೋವನ್ನು ಮೊದಲೇ ಇಳಿಸಿಕೊಂಡು ಬಂದರಾಯಿತು. ನೋಡಿದ ಮೇಲೆ ಅಲ್ಲೇ ಒಂದು ಡ್ರಮ್ಮು ದ್ರಾವಣ ಮಾಡಿ, ಕತ್ತಿ ಅದ್ದಿ ನೋಡಿ, ಅದೇ ದಿನ ಆ ತೋಟಕ್ಕೇ ಹೊಡೆಯೋಣ. ಉತ್ತರ ಸಿಗದ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕೊಟ್ಟರೆ, ಕಾಫಿಯವನ್ನು ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರಕ್ಕೂ ಅಡಿಕೆಯವನ್ನು ವಿಟ್ಲದ ಕೇಂದ್ರಕ್ಕೂ ನಾವು ಕಳಿಸುತ್ತೇವೆ. ಬಂದ ಉತ್ತರ ಈ ಪತ್ರಿಕೆಯಲ್ಲೇ ಅಚ್ಚಾಗುತ್ತದೆ.

ಅಂಗಳ ಕೊಡಲು ಒಪ್ಪುವ ಸದಸ್ಯರು ಏಪ್ರಿಲ್ ಮುಗಿಯುವುದರೊಳಗೆ ಸಂಘದ ಕಚೇರಿಯಲ್ಲಿ ಹೆಸರು ಬರೆಸಬೇಕೆಂದು ಕೋರುತ್ತೇವೆ.