ಹಾಕಿಪಟುವಿನ ಸಂಬಳ: ಎಲ್ಲೆ ಹಾಕುವವರು ಯಾರು?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ಜಾತ್ರೆಯ ಜಂಗೀ ನಿಕಾಲಿ ಕುಸ್ತಿಗೆ ಜೋಡಿಯನ್ನು ಗೊತ್ತುಮಾಡುವಾಗ, ಪೈಲ್ವಾನರು ಕಣಕ್ಕಿಳಿಯುವ ಮುನ್ನವೇ ಇನಾಮು ಎಷ್ಟೆಂಬುದನ್ನು ಮಾತಾಡಿಕೊಳ್ಳುವುದುಂಟು. ಹಾಲು, ತುಪ್ಪ, ಬಾದಾಮಿಗಳ ಖುರಾಕಿಗೆ ವರ್ಷವಿಡೀ ವೆಚ್ಚಮಾಡಿದವನಿಗೆ ಆ ಮಾತು ಮರ್ಯಾದೆಯದು ಮಾತ್ರವಲ್ಲ, ಜೀವನೋಪಾಯದ್ದೂ ಹೌದು. ಆಟದಿಂದಲೇ ಬದುಕುವವನ ಸಂಬಳವನ್ನು ಯಾರು, ಯಾವ ನ್ಯಾಯದಿಂದ ನಿಶ್ಚಯಿಸಬೇಕೆಂಬ ಪ್ರಶ್ನೆಯು ಇಂದು ನಮ್ಮ ಹಾಕಿಯ ಮುಂದೆಯೂ ಬಂದು ನಿಂತಿದೆ.

1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದ ನಮ್ಮ ಬೆಳಗಾವಿಯ ಬಂಡು ಪಾಟೀಲರ ಕಾಲದಲ್ಲಿ ಈ ಪ್ರಶ್ನೆ ಉದ್ಭವಿಸಿರಲಿಲ್ಲ. ಆಗ ನೌಕರಿ ಅನ್ನವನ್ನು ಕೊಡುತ್ತಿತ್ತು, ಆಟ ಕೀರ್ತಿಯನ್ನು. 2013ರಲ್ಲಿ ಹಾಕಿ ಇಂಡಿಯಾ ಲೀಗ್ ಆರಂಭವಾಗಿ ಆಟಗಾರರು ಹರಾಜಿಗೆ ಬಂದರು. 2017ರ ಬಳಿಕ ನಿಂತುಹೋಗಿದ್ದ ಆ ಲೀಗ್ 2024ರ ಡಿಸೆಂಬರಿನಲ್ಲಿ ಪುನರಾರಂಭಗೊಂಡಾಗ, ಪುರುಷರ ಪ್ರತಿಯೊಂದು ತಂಡವೂ 24 ಆಟಗಾರರಿಗಾಗಿ 4 ಕೋಟಿ ರೂಪಾಯಿಗಳನ್ನು ಮೀರಿ ವ್ಯಯಿಸಕೂಡದೆಂಬ ಕಟ್ಟಳೆಯಾಯಿತು. ಸಂಬಳದ ಮೇಲ್ಮಿತಿಯೆಂದರೆ ಇದೇ. ಧನಾಢ್ಯನಾದ ಒಬ್ಬನೇ ಮಾಲೀಕನು ಶ್ರೇಷ್ಠರನ್ನೆಲ್ಲ ಕೊಂಡುಕೊಂಡು ಪಂದ್ಯಗಳ ಸ್ವಾರಸ್ಯವನ್ನು ಕೆಡಿಸಬಾರದೆಂಬ ಅದರ ಉದ್ದೇಶ ಯುಕ್ತವಾದುದೇ ಸರಿ. ಆದರೆ ಲೆಕ್ಕವನ್ನು ಹತ್ತಿರದಿಂದ ನೋಡಬೇಕು: ಸೂರ್ಮಾ ತಂಡವು ಹರ್ಮನ್‌ಪ್ರೀತ್ ಸಿಂಗರನ್ನು 78 ಲಕ್ಷಕ್ಕೆ ಪಡೆದೊಡನೆ, ಮಿತಿಯೊಳಗೆ ಉಳಿದ 23 ಜನರಿಗೆ ತಲಾ ಸರಾಸರಿ 14 ಲಕ್ಷಕ್ಕಿಂತ ಹೆಚ್ಚು ದೊರೆಯಲು ಆಸ್ಪದವಿಲ್ಲ; ಹರಾಜಿನ ಕನಿಷ್ಠ ಮೂಲಬೆಲೆಯಾದರೋ 2 ಲಕ್ಷ.

ಉತ್ತರ ಅಮೆರಿಕದಲ್ಲಿ ಹಿಮದ ಅಂಗಣದಲ್ಲಿ ಆಡುವ ಹಾಕಿಯ ರಾಷ್ಟ್ರೀಯ ಲೀಗಿನ ಮಾಲೀಕರು ಇಂಥದೇ ಮಿತಿಗಾಗಿ 2004ರಲ್ಲಿ ಬೀಗಮುದ್ರೆ ಘೋಷಿಸಿದರು. ಗಿರಣಿಯ ಬಾಗಿಲಿಗೆ ಬೀಳುವ ಬೀಗ ಕ್ರೀಡಾಂಗಣಕ್ಕೆ ಬಿದ್ದು, ಇಡೀ ಋತುವಿನ ಪಂದ್ಯಗಳು ರದ್ದಾದವು. ಕಡೆಗೆ ಆಟಗಾರರು ತಮ್ಮ ಒಪ್ಪಂದದ ಸಂಬಳದಲ್ಲಿ ಶೇಕಡಾ 24ರಷ್ಟು ಕಡಿತವನ್ನೂ, ತಂಡಕ್ಕೆ 3.9 ಕೋಟಿ ಡಾಲರುಗಳ ಮಿತಿಯನ್ನೂ ಒಪ್ಪಿದರು. ಅವರಿಗೆ ಅದು ನಷ್ಟವೇ. ಆದರೂ 1967ರಿಂದ ಇದ್ದ ಅವರ ಸಂಘವು ಮಾತುಕತೆಗೆ ಕುಳಿತುದರಿಂದ ಲೀಗಿನ ಆದಾಯದ ಶೇಕಡಾ 54ರಷ್ಟು ಪಾಲು ಆಟಗಾರರಿಗೆ ಸಲ್ಲಬೇಕೆಂಬುದು ಬರಹಕ್ಕೆ ಬಂತು. 2012ರಲ್ಲಿ ಪುನಃ ಬೀಗ ಬಿದ್ದು 2013ರ ಜನವರಿಯಲ್ಲಿ ತೆಗೆದಾಗ ಆ ಪಾಲು ಶೇಕಡಾ 50ಕ್ಕೆ ಇಳಿಯಿತು; ಆಗಲೂ ಸಂಘದ ಸಹಿ ಬೇಕಾಯಿತು.

ನಮ್ಮಲ್ಲಿ ನಡೆದುದೇ ಬೇರೆ. 2010ರ ಜನವರಿಯಲ್ಲಿ, ದೆಹಲಿಯ ವಿಶ್ವಕಪ್ಪಿಗೆ ಎರಡು ತಿಂಗಳೂ ಉಳಿದಿರದಿದ್ದಾಗ, ಪುಣೆಯ ಶಿಬಿರದಲ್ಲಿದ್ದ ಭಾರತ ತಂಡದವರು ಬರಬೇಕಾದ ಹಣಕ್ಕಾಗಿ ಅಭ್ಯಾಸವನ್ನೇ ಬಹಿಷ್ಕರಿಸಿದರು. ತಲಾ 25,000 ರೂಪಾಯಿಗಳ ಕೊಡುಗೆಯನ್ನು ನಿರಾಕರಿಸಿ, ತೃಪ್ತಿಕರವಾದ ಭರವಸೆ ದೊರೆತ ಮೇಲೆಯೇ ಮೈದಾನಕ್ಕೆ ಮರಳಿದರು. ದೇಶಕ್ಕಾಗಿ ಆಡುವವರು ಹಣ ಕೇಳಬಹುದೇ ಎಂದು ಹುಬ್ಬೇರಿಸಿದವರಿದ್ದರು. ಕೇಳಿದುದು ತಪ್ಪೆಂದು ನಾನು ಎಣಿಸಲಾರೆ. ಕೇಳಲು ಅಭ್ಯಾಸ ನಿಲ್ಲಿಸುವುದೊಂದೇ ದಾರಿ ಉಳಿದುದು ಖೇದಕರ. 2012ರಲ್ಲಿ ಅರ್ಜುನ್ ಹಾಲಪ್ಪನವರ ಕರ್ನಾಟಕ ಲಯನ್ಸ್ ಸಹಿತ ಎಂಟು ತಂಡಗಳು ಆಡಿದ ವರ್ಲ್ಡ್ ಸೀರೀಸ್ ಹಾಕಿಯಾದರೋ ಒಂದೇ ಋತುವಿಗೆ ಮುಗಿದು, ಸಂಬಳ ಬಾಕಿಯ ದೂರುಗಳನ್ನು ಉಳಿಸಿಹೋಯಿತು.

ಆದುದರಿಂದ ಮಿತಿಯ ಜೊತೆಗೇ ಹಣ ಸಂದಾಯದ ಭದ್ರತೆಯೂ, ಆದಾಯದಲ್ಲಿ ನಿಶ್ಚಿತ ಪಾಲೂ, ಅದನ್ನು ಚರ್ಚಿಸುವ ಮೇಜಿನ ಬಳಿ ಆಟಗಾರರ ಪ್ರತಿನಿಧಿಗೊಂದು ಕುರ್ಚಿಯೂ ಬೇಕು. 2024ರ ಹರಾಜಿನಲ್ಲಿ ಮಹಿಳೆಯರ ತಂಡಗಳಿಗೆ ಗೊತ್ತಾದ ಮಿತಿ 2 ಕೋಟಿ, ಪುರುಷರದರ ಅರ್ಧ. ಆ ಕುರ್ಚಿಯಲ್ಲಿ ಕುಳಿತವರು ಮೊದಲು ಎತ್ತಬೇಕಾದ ವಿಷಯ ಇದು.