ಕಣ್ಣಿಗೆ ನಾಲ್ಕು, ಗಣಕಕ್ಕೆ ಎಂಟು

'ಕಾಟಿಪಳ್ಳದಲ್ಲಿ ನಾಳೆ ನೀರು ಪೂರೈಕೆ ಇರುವುದಿಲ್ಲ' – ಇಂತಹ ಪ್ರಕಟಣೆಯೊಂದು ನಿಮ್ಮ ಮೊಬೈಲಿಗೆ ಎರಡು ರೀತಿಯಲ್ಲಿ ಬಂದಿದೆ ಎಂದಿಟ್ಟುಕೊಳ್ಳಿ. ಒಂದು, ಮುದ್ರಿತ ಹಾಳೆಯ ಫೋಟೊ. ಇನ್ನೊಂದು, ಅಕ್ಷರಗಳಲ್ಲೇ ಬರೆದ ಸಂದೇಶ. ಕಣ್ಣಿಗೆ ಎರಡೂ ಒಂದೇ. ಆದರೆ ತಿಂಗಳ ನಂತರ ಅದನ್ನು ಹುಡುಕಬೇಕಾದರೆ? ದೃಷ್ಟಿಯಿಲ್ಲದವರೊಬ್ಬರು ಫೋನಿನಿಂದಲೇ ಓದಿಸಿಕೊಳ್ಳಬೇಕಾದರೆ? ಆಗ ಅಂತರ ತಿಳಿಯುತ್ತದೆ. ಮಾಹಿತಿ ಹೇಗೆ ಕಾಣುತ್ತದೆ ಎಂಬುದು ಒಂದು ವಿನ್ಯಾಸ. ಒಳಗೆ ಅದನ್ನು ಹೇಗೆ ಇಟ್ಟಿದೆ ಎಂಬುದು ಇನ್ನೊಂದು.

ಸುರತ್ಕಲ್ ಬಳಿಯ ಕಾಟಿಪಳ್ಳ, ನವಮಂಗಳೂರು ಬಂದರಿಗಾಗಿ ನೆಲ ಬಿಟ್ಟುಕೊಟ್ಟ ಕುಟುಂಬಗಳು ನೆಲೆಸಿದ ಊರು. ದಾಖಲೆಗಳಲ್ಲಿ ಊರಿನ ಹೆಸರು ಸರಿಯಾಗಿ ಸಿಗುವುದು ಇಂತಹವರಿಗೆ ಸಣ್ಣ ವಿಷಯವಲ್ಲ. ಈ ಹೆಸರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಕಲ್ಲಿನಿಂದ ಪರದೆಗೆ

ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಹೊರಬಂದದ್ದು ಕಲ್ಲಚ್ಚಿನಲ್ಲಿ. ಸಂಪಾದಕರು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್. ಕಲ್ಲಚ್ಚಿನಲ್ಲಿ ಬರಹವನ್ನು ಜಿಡ್ಡಿನ ಶಾಯಿಯಿಂದ ನುಣುಪಾದ ಸುಣ್ಣಕಲ್ಲಿನ ಮೇಲೆ ಮೂಡಿಸುತ್ತಾರೆ. ಕಲ್ಲನ್ನು ಒದ್ದೆ ಮಾಡಿ ಶಾಯಿ ಸವರಿದರೆ, ಜಿಡ್ಡಿರುವಲ್ಲಿ ಮಾತ್ರ ಅದು ಹಿಡಿಯುತ್ತದೆ. ಕಲ್ಲಿನ ಪಾಲಿಗೆ ಅಕ್ಷರವೂ ಚಿತ್ರವೂ ಒಂದೇ. ಮೊಬೈಲಿನ ಫೋಟೊ ಕೂಡ ಈ ಮಟ್ಟಿಗೆ ಕಲ್ಲಚ್ಚೇ ಸರಿ.

ಗಣಕಕ್ಕೆ ಬಂದ ಮೊದಮೊದಲ ಕನ್ನಡ ಫಾಂಟುಗಳ ಸ್ಥಿತಿಯೂ ಹೆಚ್ಚು ಬೇರೆಯಾಗಿರಲಿಲ್ಲ. ಇಂಗ್ಲಿಷ್ ಮೊದಲಾದ ಭಾಷೆಗಳ ಅಕ್ಷರಗಳಿಗೆ ಮೀಸಲಾದ ಸಂಕೇತ ಸಂಖ್ಯೆಗಳನ್ನು ಅವು ಎರವಲು ಪಡೆದವು. ಆ ಜಾಗಗಳಲ್ಲಿ ತಲೆಕಟ್ಟು, ಕೊಂಬು, ಒತ್ತು ಮುಂತಾದ ತುಣುಕುಗಳನ್ನು ಕೂರಿಸಲಾಯಿತು. ಯಾವ ತುಣುಕು ಯಾವ ಸಂಖ್ಯೆಗೆ ಎಂಬುದು ಒಬ್ಬ ತಯಾರಕರಿಂದ ಇನ್ನೊಬ್ಬರಿಗೆ ಬೇರೆಯಾಗುತ್ತಿತ್ತು. ತಕ್ಕ ಫಾಂಟ್ ಇಲ್ಲದ ಗಣಕದಲ್ಲಿ ಕಡತ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು! ಅಕಾರಾದಿಯಾಗಿ ಜೋಡಿಸುವುದು ಕಷ್ಟ. ಗಟ್ಟಿಯಾಗಿ ಓದುವ ತಂತ್ರಾಂಶಕ್ಕೆ ಅದು ಕನ್ನಡವೆಂದೇ ತಿಳಿಯದು.

ಅಕ್ಷರಕ್ಕೊಂದು ಸಂಖ್ಯೆ

1991ರಲ್ಲಿ ಬಂದ ಯೂನಿಕೋಡ್ ಈ ಗೊಂದಲಕ್ಕೆ ಪರಿಹಾರ ತೋರಿಸಿತು. ಅದರಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಸ್ಥಾನಗಳಿವೆ. 'ಕಾಟಿಪಳ್ಳ' ಎಂಬಲ್ಲಿ ನಮಗೆ ಕಾಣುವುದು ಕಾ, ಟಿ, ಪ, ಳ್ಳ ಎಂಬ ನಾಲ್ಕು ಅಕ್ಷರ. ಗಣಕ ಇಟ್ಟುಕೊಳ್ಳುವುದು ಎಂಟು ಸಂಖ್ಯೆ: ಕ 3221, ಆಕಾರದ ಚಿಹ್ನೆ 3262, ಟ 3231, ಇಕಾರದ ಚಿಹ್ನೆ 3263, ಪ 3242, ಳ 3251, ಅರ್ಧಾಕ್ಷರದ ಚಿಹ್ನೆ 3277, ಮತ್ತೆ ಳ 3251. ಎರಡನೆಯ ಳಕಾರವನ್ನು ಒತ್ತಾಗಿ ಕೆಳಗಿಳಿಸಿ ತೋರಿಸುವುದು ಫಾಂಟಿನ ಕೆಲಸ. ಫಾಂಟ್ ಬದಲಾದರೆ ರೂಪ ಬದಲಾಗುತ್ತದೆ; ಸಂಖ್ಯೆಗಳು ಬದಲಾಗುವುದಿಲ್ಲ.

ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲೂ ಇದೇ ತರ್ಕವಿದೆ. ಮೊದಲು ವ್ಯಂಜನ, ನಂತರ ಸ್ವರ. ಒತ್ತಕ್ಷರವಾದರೆ ನಡುವೆ ಒಂದು ಕೊಂಡಿ. ಈ ವಿನ್ಯಾಸದಲ್ಲಿ 'ಕಾಟಿಪಳ್ಳ' ಬರೆಯುವುದೂ ಇದೇ ಕ್ರಮದಲ್ಲಿ. ಶಾಲೆಯಲ್ಲಿ ಕಲಿತ ಕಾಗುಣಿತವೇ ಇಲ್ಲಿ ಮಾರ್ಗದರ್ಶಿ.

ಉಳಿದ ಎಚ್ಚರ

ಯೂನಿಕೋಡ್ ನಮ್ಮ ತಪ್ಪನ್ನು ತಿದ್ದುವುದಿಲ್ಲ. ಯಾರಾದರೂ 'ಕಾಟಿಪಲ್ಲ' ಎಂದು ಬರೆದಿಟ್ಟರೆ, 'ಕಾಟಿಪಳ್ಳ' ಎಂದು ಹುಡುಕಿದವರಿಗೆ ಅದು ಸಿಗದೆ ಹೋಗಬಹುದು. ಫೋಟೊದಿಂದ ಅಕ್ಷರ ಗುರುತಿಸುವ ತಂತ್ರಾಂಶಗಳು ಈಗ ಇವೆ; ಆದರೆ ಮಸುಕಾದ ಒಂದು ಒತ್ತು ಅವನ್ನು ದಾರಿ ತಪ್ಪಿಸಬಲ್ಲದು. ಹಳೆಯ ಫಾಂಟುಗಳಲ್ಲಿರುವ ಕಡತಗಳನ್ನು ಪರಿವರ್ತಿಸಲು, ಯಾವ ಸಂಖ್ಯೆಗೆ ಯಾವ ತುಣುಕು ಎಂಬ ಪಟ್ಟಿ ಬೇಕು. ಪಟ್ಟಿ ಕಳೆದುಹೋದರೆ ಕಡತ ಉಳಿದೂ ಓದಲಾಗದು.

ಆದ್ದರಿಂದ ಪ್ರಕಟಣೆಯ ಫೋಟೊ ಕಳುಹಿಸುವಾಗ ಅದರೊಂದಿಗೆ ನಾಲ್ಕು ಸಾಲು ಅಕ್ಷರಗಳಲ್ಲೂ ಬರೆಯಿರಿ. ಕಣ್ಣಿನಿಂದ ಓದುವವರಿಗೆ ಅದರಿಂದ ನಷ್ಟವಿಲ್ಲ. ಕಿವಿಯಿಂದ ಓದುವವರಿಗೆ ನಾಳೆ ನೀರು ಬರುವುದಿಲ್ಲವೆಂದು ಇಂದೇ ತಿಳಿಯುತ್ತದೆ.