ಯಂತ್ರ ದೂರದಲ್ಲಿ, ಪರದೆ ಕಣ್ಣೆದುರಿನಲ್ಲಿ

ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಸುಮಾರು 1,500 ಎಕರೆಯ ಎರಡನೆಯ ಆವರಣವಿರುವುದು ಈ ಭಾಗದವರಿಗೆಲ್ಲ ಗೊತ್ತು. ಅದೇ ಸಂಸ್ಥೆಯ ಬೆಂಗಳೂರು ಆವರಣದಲ್ಲಿ 2022ರಲ್ಲಿ ‘ಪರಮ್ ಪ್ರವೇಗ’ ಎಂಬ ಸೂಪರ್ ಕಂಪ್ಯೂಟರ್ ಸ್ಥಾಪನೆಯಾಯಿತು. ಅದರ ಗರಿಷ್ಠ ವೇಗ 3.3 ಪೆಟಾಫ್ಲಾಪ್, ಅಂದರೆ ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕ! ಇಂಥ ಯಂತ್ರದ ಮುಂದೆ ಸಂಶೋಧಕರು ಕುರ್ಚಿ ಹಾಕಿಕೊಂಡು ಕೂರುವುದಿಲ್ಲ. ಯಂತ್ರ ತನ್ನ ತಂಪು ಕೋಣೆಯಲ್ಲಿರುತ್ತದೆ. ಬಳಸುವವರು ತಮ್ಮ ಮೇಜಿನ ಸಾಧಾರಣ ಕಂಪ್ಯೂಟರಿನಿಂದ ಜಾಲದ ಮೂಲಕ ಅದರೊಳಗೆ ಪ್ರವೇಶಿಸುತ್ತಾರೆ.

‘ಮಗಳಿಗೆ ಹೊಸ ಲ್ಯಾಪ್‌ಟಾಪ್ ಕೊಡಿಸದಿದ್ದರೆ ಅವಳು ಹಿಂದೆ ಬೀಳುತ್ತಾಳೆಯೆ?’ ಎಂದು ಚಿಂತಿಸುವ ಚಳ್ಳಕೆರೆಯ ರೈತರೂ ಮೊಳಕಾಲ್ಮೂರಿನ ನೇಕಾರರೂ ಈ ವಿಧಾನವನ್ನು ತಿಳಿದುಕೊಳ್ಳುವುದು ಒಳ್ಳೆಯದು. ಶಾಲೆಯಲ್ಲಿ ಒಂದೇ ಒಂದು ಬಲವಾದ ಕಂಪ್ಯೂಟರ್ ಇದ್ದರೆ, ಮೂಲೆಗೆ ಸೇರಿದ ಹಳೆಯ ಕಂಪ್ಯೂಟರುಗಳು ಅದರ ಕಿಟಕಿಗಳಾಗಿ ಮತ್ತೆ ಕೆಲಸಕ್ಕೆ ಬರುತ್ತವೆ.

ಕೆಲಸ ಅಲ್ಲಿ, ಚಿತ್ರ ಇಲ್ಲಿ

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಯೂನಿಕ್ಸ್, ಒಂದೇ ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸುವ ವ್ಯವಸ್ಥೆ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಅದೇ ಜಾಡಿನದು; ಉಚಿತವಾಗಿ ಸಿಗುತ್ತದೆ. ಮೊದಮೊದಲು ದೂರದಿಂದ ಅಕ್ಷರಗಳಲ್ಲಿ ಮಾತ್ರ ಆಜ್ಞೆ ಕೊಡಬಹುದಿತ್ತು. 1984ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಆರಂಭವಾದ ‘ಎಕ್ಸ್ ವಿಂಡೋ’ ವ್ಯವಸ್ಥೆ, ಒಂದು ಯಂತ್ರದಲ್ಲಿ ಓಡುವ ಕಾರ್ಯಕ್ರಮದ ಕಿಟಕಿಯನ್ನು ಇನ್ನೊಂದರ ಪರದೆಯಲ್ಲಿ ತೆರೆಯಿತು. 1998ರಲ್ಲಿ ಕೇಂಬ್ರಿಜ್‌ನಿಂದ ಬಂದ ‘ವಿ.ಎನ್.ಸಿ.’ ಇಡೀ ಪರದೆಯ ಚಿತ್ರವನ್ನೇ ಕಳಿಸುವ ದಾರಿ ಹಿಡಿಯಿತು.

ಚಿತ್ರ ಕಳಿಸುವುದು ಸುಲಭವೆ? ಲೆಕ್ಕ ಹಾಕಿ ನೋಡೋಣ. ಪರದೆಯಲ್ಲಿ ಅಡ್ಡಲಾಗಿ 1,024, ಉದ್ದಕ್ಕೆ 768 ಚುಕ್ಕೆಗಳಿದ್ದು, ಪ್ರತಿ ಚುಕ್ಕೆಯ ಬಣ್ಣಕ್ಕೆ 24 ಬಿಟ್ ಬೇಕೆಂದರೆ, ಒಂದು ಚಿತ್ರಕ್ಕೆ ಸುಮಾರು 1 ಕೋಟಿ 89 ಲಕ್ಷ ಬಿಟ್ ಆಯಿತು. ಸೆಕೆಂಡಿಗೆ 56 ಸಾವಿರ ಬಿಟ್ ಸಾಗಿಸುತ್ತಿದ್ದ ಹಳೆಯ ಮೋಡೆಮ್‌ನಲ್ಲಿ ಇದಕ್ಕೆ ಐದೂವರೆ ನಿಮಿಷಕ್ಕೂ ಹೆಚ್ಚು ಕಾಲ ಬೇಕು. ಆದರೆ ಒಂದು ಅಕ್ಷರ ಒತ್ತಿದಾಗ ಬದಲಾಗುವುದು ಪರದೆಯ ಸಣ್ಣ ಚೌಕ ಮಾತ್ರ. ಅದು 16 ಚುಕ್ಕೆ ಉದ್ದ, 16 ಚುಕ್ಕೆ ಅಗಲ ಇದ್ದರೆ ಬರೀ 6,144 ಬಿಟ್. ಬದಲಾದಷ್ಟನ್ನೇ, ಅದನ್ನೂ ಹಿಂಡಿ ಚಿಕ್ಕದು ಮಾಡಿ ಕಳಿಸುವುದೇ ಇಲ್ಲಿನ ಗುಟ್ಟು. ಹಾಗಾಗಿ ಬರವಣಿಗೆ, ಲೆಕ್ಕ, ಪ್ರೋಗ್ರಾಂ ಕಲಿಕೆ ಸರಾಗ. ಸಿನಿಮಾ ನೋಡಲು ಹೊರಟರೆ ಮಾತ್ರ ಇಡೀ ಪರದೆ ಕ್ಷಣಕ್ಷಣಕ್ಕೂ ಬದಲಾಗುವುದರಿಂದ ತಡವರಿಸುತ್ತದೆ.

ಇನ್ನೊಂದು ಅನುಕೂಲವೂ ಇದೆ. ವಿದ್ಯಾರ್ಥಿಯ ಕಡೆ ಕರೆಂಟ್ ಹೋಯಿತೆನ್ನಿ. ಸರ್ವರ್‌ಗೆ ಯು.ಪಿ.ಎಸ್. ಆಸರೆ ಇದ್ದರೆ ತೆರೆದಿಟ್ಟ ಕಡತ ಅಲ್ಲಿ ಹಾಗೆಯೇ ಉಳಿದಿರುತ್ತದೆ. ಕರೆಂಟ್ ಬಂದ ಮೇಲೆ ಮತ್ತೆ ಪ್ರವೇಶಿಸಿ, ಬಿಟ್ಟಲ್ಲಿಂದ ಮುಂದುವರಿಸಬಹುದು. ಹತ್ತು ಕಂಪ್ಯೂಟರಿಗೆ ಹತ್ತು ಯು.ಪಿ.ಎಸ್. ಬೇಕಿಲ್ಲ.

ಸಿದ್ಧಪಡಿಸುವ ಬಗೆ

ಮೊದಲು ಸರ್ವರ್ ಆಗಬೇಕಾದ ಕಂಪ್ಯೂಟರಿಗೆ ಡೆಬಿಯನ್ ಅಥವಾ ಉಬುಂಟು ಲಿನಕ್ಸ್ ಹಾಕಬೇಕು. ಅದರ ಮೇಲೆ ‘ಎಕ್ಸ್‌ಎಫ್‌ಸಿಇ’ ಎಂಬ ಹಗುರವಾದ ಡೆಸ್ಕ್‌ಟಾಪ್, ಬಳಿಕ ‘ಎಕ್ಸ್‌ಆರ್‌ಡಿಪಿ’ ಎಂಬ ಉಚಿತ ತಂತ್ರಾಂಶ. ಪ್ರತಿ ವಿದ್ಯಾರ್ಥಿಗೂ ಬೇರೆ ಬೇರೆ ಹೆಸರು, ಬೇರೆ ಬೇರೆ ಪಾಸ್‌ವರ್ಡ್ ಕೊಡಬೇಕು. ಒಂದೇ ಹೆಸರನ್ನು ಇಡೀ ತರಗತಿ ಬಳಸಿದರೆ ಒಬ್ಬರ ಕಡತ ಇನ್ನೊಬ್ಬರು ಅಳಿಸುವ ಅಪಾಯವುಂಟು.

ವಿದ್ಯಾರ್ಥಿಯ ಕಂಪ್ಯೂಟರಿನಲ್ಲಿ ವಿಂಡೋಸ್ ಇದ್ದರೆ ಅದರೊಂದಿಗೇ ಬರುವ ‘ರಿಮೋಟ್ ಡೆಸ್ಕ್‌ಟಾಪ್ ಕನೆಕ್ಷನ್’ ಸಾಕು. ಲಿನಕ್ಸ್ ಇದ್ದರೆ ‘ರೆಮಿನಾ’. ಸರ್ವರ್‌ನ ವಿಳಾಸ ಬರೆದು, ಹೆಸರು, ಪಾಸ್‌ವರ್ಡ್ ಕೊಟ್ಟರೆ ಡೆಸ್ಕ್‌ಟಾಪ್ ತೆರೆದುಕೊಳ್ಳುತ್ತದೆ. ತೆರೆಯದೆ ಪರದೆ ಕಪ್ಪಾಗಿಯೇ ಉಳಿದರೆ, ಅದೇ ಹೆಸರಿನವರು ಸರ್ವರ್ ಎದುರಿನಲ್ಲೂ ಕುಳಿತು ಕೆಲಸ ಮಾಡುತ್ತಿದ್ದಾರೆಯೇ ಎಂದು ನೋಡಬೇಕು. ಹಲವು ಸಲ ಕಾರಣ ಅದೇ ಆಗಿರುತ್ತದೆ. ಎಷ್ಟು ಮಂದಿಗೆ ಸಾಕಾಗುತ್ತದೆ ಎಂಬುದು ಸರ್ವರ್‌ನ ಮೆಮೊರಿಯನ್ನು ಅವಲಂಬಿಸಿದೆ. ಒಬ್ಬರಿಗೆ 1 ಗಿಗಾಬೈಟ್ ಎಂದು ಸ್ಥೂಲವಾಗಿ ಹಿಡಿದರೆ, 16 ಗಿಗಾಬೈಟ್‌ನ ಯಂತ್ರ ಹತ್ತು ಹನ್ನೆರಡು ಮಂದಿಯನ್ನು ಸುಧಾರಿಸಬಲ್ಲದು.

ಬಾಗಿಲಿಗೆ ಬೀಗ

ಶಾಲೆಯ ಕೋಣೆಯೊಳಗೇ ತಂತಿ ಎಳೆದುಕೊಂಡರೆ ಹೆಚ್ಚಿನ ಚಿಂತೆಯಿಲ್ಲ. ಮನೆಯಿಂದಲೂ ಪ್ರವೇಶ ಬೇಕೆಂದಾಗ ಎಚ್ಚರ ಬೇಕು. ಎಕ್ಸ್‌ಆರ್‌ಡಿಪಿ ಬಳಸುವ 3389ನೇ ಸಂಖ್ಯೆಯ ಬಾಗಿಲನ್ನಾಗಲಿ, ವಿ.ಎನ್.ಸಿ.ಯ 5900ನೇ ಬಾಗಿಲನ್ನಾಗಲಿ ಅಂತರಜಾಲಕ್ಕೆ ನೇರವಾಗಿ ತೆರೆದಿಡಬಾರದು. ಅಂಥ ಬಾಗಿಲುಗಳನ್ನು ಹುಡುಕಿ, ಪಾಸ್‌ವರ್ಡ್ ಊಹಿಸಿ ನುಗ್ಗುವ ತಂತ್ರಾಂಶಗಳು ಹಗಲಿರುಳೂ ಅಲೆಯುತ್ತಿರುತ್ತವೆ.

ಇದಕ್ಕೆ ಮದ್ದು, ಫಿನ್ಲೆಂಡಿನ ತಾತು ಯಲೋನೆನ್ 1995ರಲ್ಲಿ ರೂಪಿಸಿದ ‘ಎಸ್‌ಎಸ್‌ಎಚ್’. ಇದು ಎರಡು ಯಂತ್ರಗಳ ನಡುವೆ ಗುಪ್ತಲಿಪಿಯ ಸುರಂಗ ಕೊರೆಯುತ್ತದೆ. ಡೆಸ್ಕ್‌ಟಾಪ್‌ನ ಚಿತ್ರ ಆ ಸುರಂಗದೊಳಗೇ ಸಾಗುತ್ತದೆ. ಹೊರಗಿನವರಿಗೆ ತೆರೆದಿರುವುದು ಎಸ್‌ಎಸ್‌ಎಚ್‌ನ ಬಾಗಿಲೊಂದೇ. ಅದಕ್ಕೂ ಪಾಸ್‌ವರ್ಡ್ ಬದಲು ಕೀಲಿ ಕಡತ ಬಳಸಿದರೆ ಇನ್ನೂ ಭದ್ರ.

ಕಳಿಸಿದವರು ಯಾರು, ಯಾರಿಗೆ ಎಂಬುದು ಖಚಿತವಿರಬೇಕೆಂಬ ಮಾತು ಮೊಳಕಾಲ್ಮೂರು ತಾಲ್ಲೂಕಿಗೆ ಹೊಸದಲ್ಲ. 1892ರಲ್ಲಿ ಬಿ.ಎಲ್. ರೈಸ್ ಪತ್ತೆಮಾಡಿದ ಬ್ರಹ್ಮಗಿರಿಯ ಅಶೋಕ ಶಾಸನ, ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕಳಿಸಿದ ಆಜ್ಞೆ ಎಂದು ಆರಂಭದಲ್ಲೇ ಹೇಳುತ್ತದೆ. ಕೊನೆಯಲ್ಲಿ ಬರೆದವನಾದ ಚಪಡನ ಹೆಸರಿದೆ. ಎಸ್‌ಎಸ್‌ಎಚ್ ಕೂಡ ಮೊದಲ ಸಲ ಸರ್ವರ್‌ನ ಗುರುತನ್ನು ತೋರಿಸಿ ‘ಇದು ಸರಿಯೆ?’ ಎಂದು ಕೇಳುತ್ತದೆ. ಓದದೆ ‘ಹೌದು’ ಎನ್ನದೆ, ಶಿಕ್ಷಕರು ಬರೆದುಕೊಟ್ಟ ಗುರುತಿನೊಡನೆ ತಾಳೆ ನೋಡುವ ಅಭ್ಯಾಸ ಮಕ್ಕಳಿಗೆ ಬರಬೇಕು.

ಇದರಲ್ಲಿ ಮಿತಿಯೂ ಇದೆ. ಸರ್ವರ್ ಕೆಟ್ಟರೆ ಎಲ್ಲರ ಕೆಲಸವೂ ನಿಲ್ಲುತ್ತದೆ. ಆದ್ದರಿಂದ ಕಡತಗಳ ಪ್ರತಿಯನ್ನು ವಾರಕ್ಕೊಮ್ಮೆಯಾದರೂ ಬೇರೆ ಡಿಸ್ಕ್‌ನಲ್ಲಿ ತೆಗೆದಿಡಬೇಕು. ಲಿನಕ್ಸ್ ಕಲಿಯಲು ಮುಂಬಯಿ ಐ.ಐ.ಟಿ.ಯ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆಯ ಪಾಠಗಳು ಕನ್ನಡದಲ್ಲೂ ಉಚಿತವಾಗಿವೆ. ಪೋಷಕರು ಸಾಲ ಮಾಡಿ ಹೊಸ ಯಂತ್ರ ಕೊಳ್ಳುವ ಮೊದಲು, ಶಾಲೆಯ ಶಿಕ್ಷಕರೊಡನೆ ಕುಳಿತು ಇರುವ ಎರಡು ಕಂಪ್ಯೂಟರುಗಳಲ್ಲೇ ಪ್ರಯೋಗ ಮಾಡಿ ನೋಡಲಿ. ಕೈಯಲ್ಲಿರುವ ಯಂತ್ರ ಹಳೆಯದೆಂಬ ಒಂದೇ ಕಾರಣಕ್ಕೆ ಯಾವ ಮಗುವಿನ ಕಲಿಕೆಯೂ ನಿಲ್ಲಬೇಕಾಗಿಲ್ಲ.